ಕಂಬಳಿಗೆ ಹತ್ತಿದ ಅನ್ನಪೂರ್ಣೆ

“ಹಾಳಿ ಇಲ್ಲದ ನೀ ಒಂದು ಮೂಗು ಸೈತ ಬರೀಲಾರಿ” ಎಂದು ಹುಲಿಗೆವ್ವನನ್ನು ಹಳಿದವರು ಅವಳ ಗಂಡನ ಅಣ್ಣ, ಚಿತ್ರಗಾರ ಯಮನೂರಪ್ಪ. ಮಾತು ಚುಚ್ಚಿತು. ಗೋಡೆಗೆ ಗೆರೆ ಇಳಿಸುವ ಮಾದರಿ ಹಾಳೆಯಿಲ್ಲದೆ ಅವಳು ಎಂದೂ ಚಿತ್ರ ಬರೆದಿರಲಿಲ್ಲ.

ಆಗ ಪೂಜ್ಯ ಕರಿಕಂಬಳಿ ಅಮ್ಮನವರು ತುಂಗಭದ್ರೆಯ ದಡದಲ್ಲಿ, ಹಿಂದೆ ಕುರಿ ಕೂಡುತ್ತಿದ್ದ ದೊಡ್ಡಿಯೊಂದರಲ್ಲಿ ವಾಸವಾಗಿದ್ದರು. ಹೊದೆಯಲು ಕಂಬಳಿ, ಬಂದವರಿಗೆ ಅನ್ನ ಬೇಯಿಸಲು ಒಲೆ. ಅವರ ಮಠವೆಂದರೆ ಅಷ್ಟೇ. ಹೊಗೆಗೆ ಕಪ್ಪಾದ ಅಲ್ಲಿನ ಗೋಡೆಯ ಮೇಲೆ ಅನ್ನಪೂರ್ಣೆಯನ್ನು ಬರೆಸಲು ಭಕ್ತರು ಬಯಸಿದಾಗ ಹುಲಿಗೆವ್ವ ಹಟ ಹಿಡಿದು ಒಪ್ಪಿಕೊಂಡಳು. ಗಂಡ ತೀರಿಕೊಂಡ ಮೇಲೆ ಭಾವನಿಗೆ ಬಣ್ಣ ಅರೆದುಕೊಟ್ಟೇ ಬದುಕಿದವಳು. ಈ ಗೋಡೆ ಕೈತಪ್ಪಿದರೆ ಮತ್ತೆ ಅರೆಯುವ ಕಲ್ಲೇ ಗತಿ.

“ಸಂಜೀ ಭಜನಿ ಹೊತ್ತಿಗೆ ತಾಯಿ ಮೂಡಲಿಲ್ಲಂದ್ರ ಗ್ವಾಡಿ ನಂದು” ಎಂದಿದ್ದರು ಯಮನೂರಪ್ಪ.

ಮಾವನವರು ಬರೆದಿಟ್ಟಿದ್ದ ಹಾಳೆಯ ಗೆರೆಯುದ್ದಕ್ಕೂ ಸೂಜಿಯ ತೂತುಗಳಿದ್ದವು. ಅದನ್ನು ಗೋಡೆಗಿಟ್ಟು, ಸೀಮೆಸುಣ್ಣದ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟಿದಳು. ಹಾಳೆ ತೆಗೆದಾಗ ಚುಕ್ಕೆಚುಕ್ಕೆಯಾಗಿ ಅನ್ನಪೂರ್ಣೆ ನಿಂತಿದ್ದಳು. “ಇದು ಅಪ್ಪನ ಹಾಳಿ” ಎಂದು ಭಾವ ಸುತ್ತಿಕೊಂಡು ಹೊರಟೇಬಿಟ್ಟರು.

ಬಣ್ಣ ಕಲಸಿ ಬರುವಷ್ಟರಲ್ಲಿ ಅಮ್ಮನವರು ಅದೇ ಗೋಡೆಗೆ ಒರಗಿ ಕುಳಿತಿದ್ದರು! ಅವರು ಎದ್ದಾಗ ಚಿತ್ರವೆಲ್ಲ ಕಂಬಳಿಗೆ ಹತ್ತಿತ್ತು, ಎಡಬಲ ತಿರುಗಿಕೊಂಡು. ಗೋಡೆಯ ಮೇಲೆ ಬರೀ ಬಿಳಿ ಮಬ್ಬು.

“ಯವ್ವಾ, ಏನ್ ಮಾಡಿದ್ರಿ! ಹಾಳಿ ಒಯ್ದಾರ್ರೀ!”

ಅಮ್ಮನವರು ಕಂಬಳಿ ತೆಗೆದು ಮುಂದೆ ಹಿಡಿದು ನೋಡಿ ನಕ್ಕರು. “ನಿಮ್ಮ ಮಾವ ಬರದ ತಾಯಿ ನನ್ನ ಬೆನ್ನು ಹತ್ಯಾಳ. ನಿನ್ನಾಕೀನ್ನ ಕರಿ, ಮಗಳ.”

ಬೇಕೆಂದೇ ಒರಗಿದರೋ, ಮರೆತು ಒರಗಿದರೋ? ಕೇಳೋಣವೆಂದರೆ ಅವರಾಗಲೇ ಒಲೆಯ ಮುಂದೆ. ಸಿಟ್ಟಿನಲ್ಲೇ ಹುಲಿಗೆವ್ವ ಸೀಮೆಸುಣ್ಣದ ತುಂಡೊಂದನ್ನು ಎತ್ತಿ ಆ ಮಬ್ಬಿನ ಮೇಲೆ ಅಡ್ಡಡ್ಡ ತಿಕ್ಕಿದಳು. ಒತ್ತಿದಲ್ಲಿ ಬೆಳಕು ಮೂಡಿತು. ಕೈ ಸಡಿಲಿಸಿದಲ್ಲಿ ಗೋಡೆಯ ಮಸಿಯೇ ನೆರಳಾಯಿತು. ಅಂಗೈಯಿಂದ ಸವರಿದರೆ ಕೆನ್ನೆ, ಚುಕ್ಕೆಗಳಲ್ಲಿ ಎಂದೂ ಕಾಣದ ಮೆತ್ತಗಿನ ಕೆನ್ನೆ. ಯಾರ ಮುಖವಿದು? ಹಡೆದವ್ವನದೇ? ಅಮ್ಮನವರದೇ? ಬರೆದಷ್ಟೂ ಗೊಂದಲ ಹೆಚ್ಚಿತು, ಆದರೂ ಕೈ ನಿಲ್ಲಲಿಲ್ಲ.

ಭಜನೆಗೆ ಬಂದ ಯಮನೂರಪ್ಪ ಬಾಗಿಲಲ್ಲೇ ನಿಂತರು. “ಇದು ನಮ್ಮ ಮನಿ ಪದ್ಧತಿ ಅಲ್ಲ” ಎಂದರು. ಎನ್ನುವಾಗಲೇ ಅವರ ಕೈ ಮುಗಿದಿತ್ತು. ಹುಲಿಗೆವ್ವ ಅಮ್ಮನವರ ಪಾದಕ್ಕೆರಗಿದಳು. ಅವರು ಅವಳ ಮುಂದೆ ಅನ್ನದ ತಟ್ಟೆ ಇಟ್ಟರು.

ಇಂದು ಹುಲಿಗೆವ್ವನವರಿಗೆ ಸ್ವಂತ ಚಿತ್ರಶಾಲೆಯಿದೆ. ಊರೂರಿನ ಗುಡಿಗಳವರು ಹುಡುಕಿಕೊಂಡು ಬರುತ್ತಾರೆ. ಅದಕ್ಕೆ ತೆತ್ತದ್ದು ಗಂಡನ ಮನೆ. ಪದ್ಧತಿ ಮೀರಿದವಳೆಂದು ಅಂದು ಮುಚ್ಚಿದ ಆ ಬಾಗಿಲು ಇಂದಿಗೂ ತೆರೆದಿಲ್ಲ.