ಸಾಹುಕಾರರು ಕೋವಿ ಕೊಂಡದ್ದು

ಕೋವಿ ಸಂತೆಯಲ್ಲಿ ತನ್ನ ಧಣಿಯ ಎರಡು ಹಳೇ ಕೋವಿ ಮಾರಲು ಆಳೊಬ್ಬ ಕೂತಿದ್ದ. ಸಾಹುಕಾರ ಗುರುಶಾಂತಪ್ಪನವರು ಬಂದು ಒಂದನ್ನು ಎತ್ತಿಕೊಂಡರು.

"ಠಾಣೆಯವರು ನಿಮ್ಮ ನಡತೆ ವಿಚಾರಿಸಿ ಒಪ್ಪಬೇಕು ಬುದ್ಧೀ. ಆಮೇಲೆ ಕೊಡ್ತೀನಿ."

"ನನ್ನನ್ನು ವಿಚಾರಿಸೋದಾ? ನಾನು ಯಾರು ಗೊತ್ತೇನೋ? ಈಗಲೇ ಕೊಡು, ಇಲ್ಲಾಂದ್ರೆ ನಿನ್ನ ಧಣಿಗೆ ಹೇಳಿ ಕೆಲಸ ಬಿಡಿಸ್ತೀನಿ!"

ಆಳು ತಲೆ ಕೆರೆದುಕೊಂಡ. "ಆಯ್ತು ಬುದ್ಧೀ, ವಿಚಾರಣೆ ಬೇಡ. ಇನ್ನೊಂದು ಕೋವೀನೂ ಹಂಗೇ ಕೊಟ್ಟುಬಿಡ್ತೀನಿ."

"ಯಾರಿಗೆ?"

"ಅಗೋ, ಬೋಂಡಾ ತಿಂತಾ ಇದ್ದಾರಲ್ಲ, ನಿಮ್ಮ ದಾಯಾದಿ ವೀರಬಸಪ್ಪನೋರು. ನೀವು ಅವರ ಬಾವಿಗೆ ಬೇಲಿ ಹಾಕಿದಾಗಿಂದ ಅವರಿಗೂ ಒಂದು ಬೇಕಂತೆ."

ಸಾಹುಕಾರರು ಕೋವಿಯನ್ನು ಮೆಲ್ಲಗೆ ಕೆಳಗಿಟ್ಟು, ಆಳಿನ ಬೆನ್ನ ಹಿಂದೆ ಸರಿದು ಕೂತರು.

"ಠಾಣೆಗೆ ದಾರಿ ಯಾವುದಪ್ಪ? ಮೊದಲು ನನ್ನನ್ನೇ ವಿಚಾರಿಸಲಿ. ಆಮೇಲೆ ಅವನನ್ನು ವರ್ಷಗಟ್ಟಲೆ ವಿಚಾರಿಸಲಿ!"