ಅರಳಿ ಎಲೆಗೆ ಬಾಲ ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ತಿಂಗಳು ಬರಬೇಕು, ಯಾವಾಗ ಹೋಗಬೇಕು ಅಂತ ಮಳೆಗೇ ಗೊತ್ತಿರಲಿಲ್ಲ. ಆಗ ಎಲ್ಲ ಎಲೆಗಳ ತುದಿಯೂ ದುಂಡಗಿತ್ತು. ಅರಳಿ ಎಲೆಯದೂ ಅಷ್ಟೇ.

ಅರಳಿ ಮರಕ್ಕೆ ಒಂದು ಕೆಟ್ಟ ಗುಣವಿತ್ತು. ಅವಳು ಯಾರನ್ನೂ ನಂಬುತ್ತಿರಲಿಲ್ಲ. ಮಳೆ ಬಂದರೆ ಸಾಕು, ಎಲೆಗಳನ್ನೆಲ್ಲ ಬಟ್ಟಲು ಮಾಡಿ ನೀರು ಹಿಡಿದಿಟ್ಟುಕೊಳ್ಳುತ್ತಿದ್ದಳು. ಗಾಳಿ ಸುಳಿದರೆ, "ಏನಪ್ಪಾ, ನೀರು ಕದಿಯೋಕೆ ಬಂದ್ಯಾ?" ಗುಬ್ಬಿ ಕೂತರೆ, "ನಿನ್ನ ಕಳಿಸಿದ್ದು ಯಾರು?"

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಿಂತ ನೀರಿಗೆ ಎಲೆಗಳ ಮೇಲೆ ಕಪ್ಪು ಚುಕ್ಕೆ ಎದ್ದವು. ಒಂದೊಂದೇ ಕೊಳೆತು ಉದುರಿದವು.

"ಗಾಳಿಯದೇ ಕೆಲಸ ಇದು. ಏನೋ ಊದಿ ಹೋಗಿದ್ದಾನೆ," ಎಂದಳು ಅರಳಿ.

"ನೀರು ಚೆಲ್ಲಿಬಿಡು ತಾಯಿ," ಎಂದ ಗಾಳಿ.

"ನೋಡಿದ್ರಾ! ನೀರಿನ ಮೇಲೇ ಕಣ್ಣು ಇವನಿಗೆ!"

ಕೊನೆಗೆ ಉಳಿದದ್ದು ತಾಮ್ರದ ಬಣ್ಣದ ಒಂದೇ ಒಂದು ಚಿಗುರು. ಅದೂ ಹೋದರೆ ಅರಳಿ ಬರೀ ಕಟ್ಟಿಗೆ. ಅವಳಿಗೆ ಭಯವಾಯಿತು.

ಆಗ ಕಾಂಡ ಹತ್ತಿ ಬಂದಳು ಕೆಂಚಿ, ಕೆಂಪಿರುವೆಗಳ ಹಿರಿಯಳು. "ಅರಳಕ್ಕಾ, ನಾವು ಎಲೆ ತುದಿ ಹಿಡಿದು ಎಳೀತೀವಿ. ನೀರು ಜಾರಿ ಹೋಗುತ್ತೆ, ಚಿಗುರು ಉಳಿಯುತ್ತೆ."

"ನಿಮ್ಮ ಆಟ ಗೊತ್ತು ಕಣೇ! ಎಲೆ ಎಳೆದು ಗೂಡು ಹೊಲ್ಕೊಳ್ಳೋರಲ್ವಾ ನೀವು?"

"ಹೌದು, ಹೊಲೀತೀವಿ. ಅದಕ್ಕೇ ಎಳೆಯೋದು ಹೇಗೆ ಅಂತ ನಮಗೆ ಗೊತ್ತು. ಬೇಡ ಅಂದ್ರೆ ಇಳಿದು ಹೋಗ್ತೀವಿ."

ಅಷ್ಟರಲ್ಲಿ ಚಿಗುರಿನ ಅಂಚಿನಲ್ಲಿ ಸಣ್ಣದೊಂದು ಕಪ್ಪು ಚುಕ್ಕೆ ಕಂಡಿತು.

"ಎಳೀರಿ," ಎಂದಳು ಅರಳಿ. "ಆದ್ರೆ ನಾನು ನೋಡ್ತಾನೇ ಇರ್ತೀನಿ!"

ಇರುವೆಗಳು ಒಂದರ ಸೊಂಟ ಒಂದು ಹಿಡಿದು, ಸಾಲಾಗಿ ಜೋತುಬಿದ್ದು ಎಳೆದವು. ತುದಿ ಉದ್ದವಾಯಿತು. ಮತ್ತೆ ಎಳೆದವು. ಇನ್ನೂ ಉದ್ದವಾಯಿತು. ಈಗ ಮಡಚುತ್ತಾರೆ, ಈಗ ಹೊಲಿಯುತ್ತಾರೆ ಅಂತ ಅರಳಿ ತೊಟ್ಟಿನವರೆಗೂ ನಡುಗುತ್ತಿದ್ದಳು.

ತೊಟ್, ತೊಟ್. ನೀರೆಲ್ಲ ಇಳಿದುಹೋಯಿತು. ಇರುವೆಗಳೂ ಇಳಿದವು. ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ.

ಅರಳಿಗೆ ನಾಚಿಕೆಯಾಯಿತು. "ಕೆಂಚೀ, ಗೂಡಿಗೆ ಎಲೆ ಬೇಕಿದ್ರೆ..."

"ಮೊದಲು ನಿನಗೆ ಎಲೆ ಬರಲಿ ಅಕ್ಕಾ," ಎಂದಳು ಕೆಂಚಿ.

ಬಂದವು. ಬಂದವೆಲ್ಲ ಬಾಲದ ಜೊತೆಗೇ ಬಂದವು. ಗಿಡಮರ ಓದಿದವರು ಇವತ್ತಿಗೂ ಆ ನೀಳ ತುದಿ ನೋಡಿ ಅರಳಿಯನ್ನು ಗುರುತು ಹಿಡಿಯುತ್ತಾರೆ. ಮಳೆ ನಿಂತಮೇಲೆ ನೀನೂ ನೋಡು ಮಗು, ನೀರು ಬಾಲದಿಂದಲೇ ತೊಟ್ಟಿಕ್ಕುತ್ತದೆ. ಆದರೆ ಬೇರೆ ಮರಗಳೆಲ್ಲ ಸುಮ್ಮನಿರುವಾಗಲೂ ಅರಳಿ ಎಲೆ ಮಾತ್ರ ನಡುಗುತ್ತಿರುತ್ತದಲ್ಲ, ಅದು ಯಾರೋ ಮರ ಹತ್ತುತ್ತಿದ್ದಾರೆ ಅನ್ನುವ ಅವಳ ಹಳೇ ಅನುಮಾನ.