ಕಿರೀಟಕ್ಕೆ ಹೊಲಿದ ಕೌದಿ

ಮಂದಾರಕೋಟೆಯೆಂಬ ರಾಜ್ಯದಲ್ಲಿ, ಹೊಳೆದಂಡೆಯ ಅಗಸರ ಕೇರಿಯ ಒಂದು ಚಪ್ಪರದಡಿ ಪೂಜ್ಯ ಗೌರಾಂಬಿಕೆ ತಾಯಿಯವರು ವಾಸವಾಗಿದ್ದರು. ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಬಡವರ ಮಕ್ಕಳಿಗೆ ಕೌದಿ ಹೊಲಿಯುವುದೇ ಅವರ ಪೂಜೆ, ಅದೇ ಜಪ.

ಒಂದು ಮುಂಜಾನೆ ಮಹಾರಾಣಿ ಪದ್ಮಲಾದೇವಿಯವರು ಪುಟ್ಟ ಮಗಳು ಇಳೆಯ ಕೈಹಿಡಿದು ಅಲ್ಲಿಗೆ ಬಂದರು. ಮಹಾರಾಜರು ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಪಟ್ಟ ಮಗಳಿಗೇ ಸೇರಬೇಕು. ಆದರೆ ತಂದೆಯ ಕಿರೀಟ ಆ ಎಳೆಯ ತಲೆಯ ಮೇಲೆ ನಿಲ್ಲದೆ ಮೂಗಿನವರೆಗೂ ಜಾರುತ್ತಿತ್ತು. ಪೂಜೆಗೊಂಡ ಕಿರೀಟಕ್ಕೆ ಅಕ್ಕಸಾಲಿಗನ ಬೆಂಕಿ ತಾಗಿಸಕೂಡದೆಂಬುದು ಆ ನಾಡಿನ ಕಟ್ಟಳೆ. ಪಟ್ಟದ ದಿನ ಅದು ಜಾರಿತೋ, ಸಿಂಹಾಸನ ಚಿಕ್ಕಪ್ಪನ ಪಾಲು. ಆಸ್ಥಾನದವರ ಜಾಣತನಕ್ಕೆ ಏನೆನ್ನೋಣ, ಒಳಗೆ ರೇಷ್ಮೆ ತುರುಕಿದ್ದರು! ಕಿರೀಟ ಇನ್ನಷ್ಟು ಜಾರಿತು.

"ತಾಯಿ, ನನ್ನ ಮಗುವಿನ ಹಕ್ಕು ಕೈತಪ್ಪಿ ಹೋಗುತ್ತಿದೆ. ಏನಾದರೂ ಮಂತ್ರಿಸಿ ಕೊಡಿ," ಎಂದರು ರಾಣಿಯವರು.

ತಾಯಿಯವರು ರಾಣಿಯವರು ತಂದಿದ್ದ ಕಿರೀಟದೊಳಗೆ ಕೈಯಾಡಿಸಿ ನಕ್ಕರು. "ಮಂತ್ರ ಯಾಕೆ ಮಗಳೇ? ಒಳಗೆ ಜಾಗ ಇದೆ, ಅಷ್ಟೇ. ಅದು ಪ್ರಜೆಗಳಿಗೆ ಬಿಟ್ಟ ಜಾಗ. ಮನೆಮನೆಗೆ ಹೋಗಿ ಒಂದೊಂದು ಹಳೆ ತುಂಡು ಬೇಡಿ ತಾ."

ರಾಣಿಯವರ ಮುಖ ಸಣ್ಣದಾಯಿತು. ಅರಮನೆಯವರು ಅಗಸರ ಕೇರಿಯಲ್ಲಿ ಬೇಡುವುದೇ? ಅಷ್ಟರಲ್ಲಿ ಇಳೆ ಪಕ್ಕದ ಗುಡಿಸಲ ಮುಂದೆ ಲಂಗ ಒಡ್ಡಿ ನಿಂತಾಗಿತ್ತು. ತಾಯಿಯಾದವಳು ಹಿಂದೆ ಹೋಗಲೇಬೇಕಾಯಿತು.

ಆ ಗುಡಿಸಲಿನ ಮಲ್ಲಕ್ಕ ಒಂದು ಪಂಚೆಯ ತುಂಡನ್ನು ತಂದಳು. ಕೊಡಲು ಕೈ ಮುಂದೆ ಚಾಚಿದರೂ ಬೆರಳು ಬಿಡಲೊಲ್ಲವು.

"ನಮ್ ಯಜಮಾನರದು ತಾಯೀ. ಅವರು ಹೋದಾಗಿಂದ ತಲೆದಿಂಬಿನ ಕೆಳಗೆ ಇಟ್ಕೊಂಡಿದ್ದೆ. ಮಗೀನ ತಲೆ ಮೇಲಿರ್ಲಿ ಬಿಡಿ."

ಪತಿ ಹೋದಂದಿನಿಂದ ಯಾರೆದುರೂ ಕಣ್ಣೀರು ಹಾಕದಿದ್ದ ಮಹಾರಾಣಿಯವರು ಆ ಹೊಸ್ತಿಲಲ್ಲೇ ಕುಸಿದು ಕುಳಿತು ಮನಸಾರೆ ಅತ್ತರು. ಮಲ್ಲಕ್ಕ ತನ್ನ ಸೆರಗಿನಿಂದ ಅವರ ಮುಖ ಒರೆಸಿದಳು. ಆಮೇಲೆ ಉಳಿದ ಮನೆಗಳಲ್ಲಿ ಮೊದಲು ಸೆರಗೊಡ್ಡಿದವರು ರಾಣಿಯವರೇ.

ತಾಯಿಯವರು ತುಂಡುಗಳನ್ನೆಲ್ಲ ಕೂಡಿಸಿ, ಕೌದಿಯ ಹೊಲಿಗೆ ಹಾಕಿ, ಪುಟ್ಟದೊಂದು ಟೊಪ್ಪಿ ಮಾಡಿ ಕಿರೀಟದೊಳಗೆ ಕೂರಿಸಿಕೊಟ್ಟರು.

ಪಟ್ಟದ ದಿನ ತುಂಬಿದ ಸಭೆಯಲ್ಲಿ ಇಳೆ ತಲೆಬಾಗಿ ನಮಸ್ಕರಿಸಿದಳು. ಕಿರೀಟ ಕದಲಲಿಲ್ಲ. ಚಿಕ್ಕಪ್ಪನವರೂ ಎದ್ದು ಕೈಮುಗಿದರು. ಮಹಾರಾಣಿಯವರ ಪೀಠ ಮಾತ್ರ ಖಾಲಿಯಿತ್ತು. ಹುಡುಕಿದರೆ, ಅವರು ಜನರ ನಡುವೆ ನೆಲದ ಮೇಲೆ, ಮಲ್ಲಕ್ಕನ ಕೈಹಿಡಿದು ಕುಳಿತಿದ್ದರು. ಇಬ್ಬರ ಕಣ್ಣೂ ಮಗುವಿನ ತಲೆಯ ಮೇಲೆಯೇ ಇತ್ತು.